ಹೂಂ ಅನ್ನುವ ಯಂತ್ರ ಮತ್ತು ಮುನಿಸಿಕೊಂಡ ಲಿಫ್ಟು

೧
ಆ ಬೆಳಿಗ್ಗೆ ಮೋಡ ಕವಿದಿತ್ತು ಎಂದು ಶುರುಮಾಡಲೇ? ಆದರೆ ಕಥೆ ನಡೆಯುವ ಕೋಣೆಗೆ ಕಿಟಕಿಯೇ ಇಲ್ಲ; ಮೋಡ ಕಟ್ಟಿಕೊಂಡು ಏನು ಮಾಡಲಿ? ಬಿಸಿಲು ಎಂದು ತಿದ್ದಿದೆ. ಅದಕ್ಕೂ ಅದೇ ತೊಂದರೆ. ಅಷ್ಟರಲ್ಲಿ ಸಂಶೋಧಕಿಯ ಭಾವ ಒದ್ದೆ ಛತ್ರಿ ಹಿಡಿದು ಒಳಗೆ ಬಂದುಬಿಟ್ಟರು. ಸರಿ, ಜಿಟಿಜಿಟಿ ಮಳೆ. ಪಾತ್ರಗಳು ತಂದ ಹವಾಮಾನವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಬೇಕು. ನಡೆಸುವವನು ಭಗವಂತ, ನಾನು ಬರೆದುಕೊಳ್ಳುವವನು.

೨
ಮನುಷ್ಯರು ಕೃತಕ ಬುದ್ಧಿಯ ಜೊತೆ ಕೂತು ಪ್ರೋಗ್ರಾಮ್ ಬರೆಯಲು ಹೊಸ ದಾರಿ ಹುಡುಕುವುದು ಸಂಶೋಧಕಿಯ ಕೆಲಸ. ದಾರಿ ಅವಳಿಗೆ ಸಿಕ್ಕಿದ್ದು ಅಜ್ಜಿಯಿಂದ. ಅಜ್ಜಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟುತ್ತಿರಬೇಕಿತ್ತು. ಹೂಂ ನಿಂತರೆ ರಾಜಕುಮಾರ ಕುದುರೆಯನ್ನು ಅರ್ಧ ಹತ್ತಿದವನು ಹಾಗೇ ನೇತಾಡುತ್ತಿದ್ದ. ಅದೇ ಪದ್ಧತಿಯಲ್ಲಿ ಪ್ರೋಗ್ರಾಮರ್ ತನಗೆ ಬೇಕಾದ್ದನ್ನು ಬಾಯಲ್ಲಿ ಹೇಳುತ್ತ ಹೋಗಬೇಕು, ಯಂತ್ರ ಹೂಂ ಅನ್ನುತ್ತ ಕೋಡ್ ಬರೆಯುತ್ತ ಹೋಗಬೇಕು.

ಇವತ್ತು ಅದನ್ನು ಸಂಸ್ಥೆಯ ಮುಖ್ಯಸ್ಥೆಗೆ ತೋರಿಸಬೇಕು. ಅವರು ಬೇಡವೆಂದರೆ ಸಂಶೋಧನೆ ಇಲ್ಲಿಗೇ ಮುಗಿಯಿತು, ಕೋಣೆ ಮುರಿದ ಕುರ್ಚಿಗಳ ಪಾಲು. ಬರಬೇಕಿದ್ದ ಪ್ರೋಗ್ರಾಮರನಿಗೆ ಗಂಟಲು ಕಟ್ಟಿತ್ತು. ಅದಕ್ಕೇ ಅಕ್ಕನ ಗಂಡನನ್ನು ಕರೆಸಿದ್ದಳು. ಅವರೂ ಪ್ರೋಗ್ರಾಮರ್. ಗಂಟಲಿಗಂತೂ ಏನೂ ಕೊರತೆಯಿಲ್ಲ.

(ಭಾವ ಇಲ್ಲಿ ನನ್ನನ್ನು ತಡೆದರು. "ನನ್ನನ್ನ ವಾಚಾಳಿ ಅಂತ ಬರೀತಿದೀರಾ?" "ಇಲ್ಲ, ಗಂಟಲು ಚೆನ್ನಾಗಿದೆ ಅಂದೆ." "ಹಾಗಾದ್ರೆ ಸರಿ. ಸ್ವಲ್ಪ ಎತ್ತರ ಜಾಸ್ತಿ ಮಾಡಿ." ಓದುಗರೇ, ಭಾವ ಎತ್ತರದ ಆಳು.)

೩
ಬರೆಯಬೇಕಾದದ್ದು ಪರದೆಯ ಮೇಲಿನ ಆಟಿಕೆ ಲಿಫ್ಟಿಗೆ ಪ್ರೋಗ್ರಾಮ್.

"ಲಿಫ್ಟು ಕರೆದ್ರೆ ಬರಬೇಕು," ಎಂದು ಭಾವ ಶುರುಮಾಡಿದರು.

"ಹೂಂ," ಎಂದಿತು ಯಂತ್ರ.

ಭಾವನ ಮುಖ ಅರಳಿತು. "ಆದ್ರೆ ಕರೆದ ತಕ್ಷಣ ಯಾರಪ್ಪಾ ಬರ್ತಾರೆ? ನನ್ನ ಹೆಂಡ್ತೀನ ಒಂದ್ಸಲ ಕರೆದ್ರೆ ಉಸಿರೇ ಇಲ್ಲ."

"ಹೂಂ."

"ಇನ್ನೊಂದ್ಸಲ ಕರೆದ್ರೆ 'ಬಂದೆ' ಅಂತಾಳೆ, ಬರಲ್ಲ. ಮತ್ತೂ ಕರೆದ್ರೆ ಬಂದು ನಿಂತು 'ಏನೀಗ?' ಅಂತಾಳೆ."

"ಹೂಂ. ಹೂಂ."

"ಭಾವ, ಲಿಫ್ಟಿನ ವಿಷಯ," ಎಂದಳು ಸಂಶೋಧಕಿ.

"ಅಲ್ಲಿಗೇ ಬರ್ತಿದೀನಿ ಪುಟ್ಟಿ. ಇದು ಎಷ್ಟು ಚೆನ್ನಾಗಿ ಕೇಳತ್ತೆ ನೋಡು."

೪
ಮುಖ್ಯಸ್ಥೆ ಚಹಾದ ಲೋಟ ಹಿಡಿದು ಬಂದರು. ಪರದೆಯ ಗುಂಡಿ ಒತ್ತಿದರು. ಲಿಫ್ಟು ಅಲ್ಲಾಡಲಿಲ್ಲ. ಮತ್ತೆ ಒತ್ತಿದರು. "ಬಂದೆ" ಎಂಬ ಪದ ಮೂಡಿತು, ಲಿಫ್ಟು ಬರಲಿಲ್ಲ. ಇನ್ನೊಮ್ಮೆ ಒತ್ತಿದಾಗ ಧಡಾರನೆ ಬಂದು ಬಾಗಿಲು ತೆರೆದು, "ಏನೀಗ?" ಎಂದಿತು.

"ಇದಕ್ಕೇನಾಗಿದೆ?" ಎಂದರು ಮುಖ್ಯಸ್ಥೆ.

"ಏನಾಗಿಲ್ಲ ಮೇಡಂ," ಎಂದರು ಭಾವ, "ನಮ್ಮನೇದು."

ಸಂಶೋಧಕಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. (ಬಾಯ್ಬಿಡಿಸಿದ್ದೆ. ಮುಖ್ಯಸ್ಥೆಯೂ ಒಳಗೆ ಬಿದ್ದುದರಿಂದ ಆ ಪ್ಯಾರಾ ಕೈಬಿಟ್ಟೆ.) ತಪ್ಪು ಅವಳಿಗೆ ಹೊಳೆಯಿತು: ಯಂತ್ರ ಹೂಂ ಅಂದಾಗಲೆಲ್ಲ ಭೇಷ್ ಅಂದು ಕಲಿಸಿದವಳು ತಾನೇ. ಅದು ಎಲ್ಲಕ್ಕೂ ತಲೆದೂಗುವುದನ್ನು ಕಲಿತಿತ್ತು. ಅಜ್ಜಿಯ ಎದುರು ಕೂತವರು ಹಾಗಿರಲಿಲ್ಲ. ತಿಳಿಯದ ಕಡೆ ಅವರ ಹೂಂ ತಾನಾಗಿ ನಿಲ್ಲುತ್ತಿತ್ತು. ಅಜ್ಜಿ ಕಥೆಯಲ್ಲಿ ಹಿಂದೆ ಹೋಗಿ ಬಿಡಿಸಿ ಹೇಳುತ್ತಿದ್ದಳು.

"ಇನ್ನೊಂದು ಅವಕಾಶ ಕೊಡಿ ಮೇಡಂ."

"ಈ ಚಹಾ ಮುಗಿಯೋವರೆಗೆ," ಎಂದರು ಮುಖ್ಯಸ್ಥೆ.

(ಆ ಚಹಾ ಬಹಳ ಬಿಸಿಯಾಗಿತ್ತು. ಲೇಖಕನಾದ ಮೇಲೆ ಇಷ್ಟೂ ಮಾಡದಿದ್ದರೆ ಹೇಗೆ?)

೫
ಮಾತು ತಿಳಿಯದಿದ್ದರೆ, ಲಿಫ್ಟಿಗೆ ಸೇರದಿದ್ದರೆ ಸುಮ್ಮನಿರು ಎಂದು ಅವಳು ಯಂತ್ರಕ್ಕೆ ಹೇಳಿಕೊಟ್ಟಳು. ಭಾವ ಮತ್ತೆ ಕೂತರು.

"ಕರೆದ್ರೆ ಬರಬೇಕು."

"ಹೂಂ."

"ಆದ್ರೆ ನಮ್ಮನೇಲಿ..."

ಯಂತ್ರದ ಸದ್ದಿಲ್ಲ.

ಭಾವ ಕಾದರು. ಕೆಮ್ಮಿದರು. "ನಮ್ಮನೇಲಿ ಅಂದೆ." ಸದ್ದಿಲ್ಲ. "ಮುನಿಸ್ಕೊಂಡಿದೆಯಾ ಇದು?" ಅವರು ಪರದೆಯನ್ನು ನೋಡುತ್ತ ಕೂತರು. ಆಮೇಲೆ ಮೆಲ್ಲಗೆ, "ಸರಿ, ಅದು ಲಿಫ್ಟಿನ ಮಾತಲ್ಲ. ಇಬ್ಬರು ಒಟ್ಟಿಗೆ ಕರೆದ್ರೆ... ಹೌದಲ್ಲ, ಅದನ್ನ ನಾನು ಯೋಚನೇನೇ ಮಾಡಿರ್ಲಿಲ್ಲ. ಹತ್ತಿರದೋರ ಹತ್ರ ಮೊದಲು ಹೋಗಲಿ," ಎಂದರು.

"ಹೂಂ."

ಮುಖ್ಯಸ್ಥೆ ಗುಂಡಿ ಒತ್ತಿದರು. ಲಿಫ್ಟು ಬಂತು. ಮರುಮಾತಾಡಲಿಲ್ಲ.

೬
ಮುಕ್ತಾಯ: ಮುಖ್ಯಸ್ಥೆ ಆನಂದಬಾಷ್ಪ ಸುರಿಸಿದರು. ("ನಾನಾ?" ಎಂದು ಅವರು ಹುಬ್ಬೇರಿಸಿದ್ದರಿಂದ ಹೊಡೆದುಹಾಕಿದೆ.)

ಇನ್ನೊಂದು: ಮುರಿದ ಕುರ್ಚಿಗಳು ಬಂದವು. (ಬರೆಯಲು ಕೈ ಬರಲಿಲ್ಲ.)

ನಡೆದದ್ದು ಇಷ್ಟೇ. ಮುಖ್ಯಸ್ಥೆ ಲೋಟ ಕೆಳಗಿಟ್ಟು, "ಯೋಚನೆ ಮಾಡಿ ಹೇಳ್ತೀನಿ," ಎಂದು ಹೊರಟರು. ಏನು ಯೋಚಿಸಿದರು ಎಂದು ನನ್ನನ್ನು ಕೇಳಬೇಡಿ. ಅವರ ಮನಸ್ಸಿನ ಬಾಗಿಲು ನಾನು ತಟ್ಟಿದೆ, ತೆರೆಯಲಿಲ್ಲ.

ಸಂಶೋಧಕಿ ಮೇಜಿಗೆ ಒರಗಿ ನಿಂತಳು. ಭಾವ ಮನೆಗೆ ಹೊರಡಬೇಕಿತ್ತು. ಹೊರಡಲಿಲ್ಲ. ಯಂತ್ರವನ್ನು ಆಫ್ ಮಾಡಿ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು.

"ಬೆಳಿಗ್ಗೆಯಿಂದ ನನ್ನ ಪುರಾಣವೇ ಆಯ್ತು. ನೀನು ಹೇಳು ಪುಟ್ಟಿ."

"ಏನು ಹೇಳಲಿ ಭಾವ."

ಅವರು ಕಾದರು. ಅವಳು ತಗ್ಗಿದ ದನಿಯಲ್ಲಿ ಹೇಳತೊಡಗಿದಳು. ನನಗೆ ಕೇಳಿಸುವಷ್ಟು ಜೋರಾಗಿ ಹೇಳಲಿಲ್ಲ. ಭಾವ ನಡುವೆ ಬಾಯಿ ಹಾಕಲಿಲ್ಲ.