ಕರೋಸ್ತಾದ ಪರದೆಗಳು

ಲಾಟ್ವಿಯಾದ ಲಿಯಪಾಯಾ ಊರಿನ ಉತ್ತರಕ್ಕೆ, ಕಾಲುವೆ ದಾಟಿದರೆ ಕರೋಸ್ತಾ. ರಷ್ಯಾದ ಝಾರ್ ದೊರೆಗಳ ಕಾಲದಲ್ಲಿ ಯುದ್ಧನೌಕೆಗಳಿಗೆಂದು ಕಟ್ಟಿದ ಬಂದರು. ಸೋವಿಯತ್ ಕಾಲದಲ್ಲಿ ಪರವಾನಗಿ ಇಲ್ಲದೆ ಊರಿನವರೂ ಕಾಲಿಡುವಂತಿರಲಿಲ್ಲ. ರಷ್ಯನ್ ಹೆಂಗಸು ಫಾಯಿನಾ ಅಲ್ಲಿನ ನಾವಿಕರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಲೇ ಮುದುಕಿಯಾದಳು. ತೊಂಬತ್ತನಾಲ್ಕರಲ್ಲಿ ಕೊನೆಯ ಹಡಗುಗಳು ರಷ್ಯಾದ ಕಡೆ ಹೊರಟಾಗ ಅವಳ ಕಟ್ಟಡದವರೂ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಹೋಗುವವರೆಲ್ಲ ಬೀಗದ ಕೈ ಅವಳಿಗೇ ಕೊಟ್ಟರು. ಗಂಡ ಮಿತ್ಯಾನನ್ನು ಇಲ್ಲೇ ಮಣ್ಣು ಮಾಡಿದ್ದರಿಂದ ಅವಳು ಮಾತ್ರ ಉಳಿದಳು.

ಆಮೇಲೆ ಕಳ್ಳರು ಬಂದರು. ಖಾಲಿ ಮನೆಗಳ ಕಿಟಕಿ ಚೌಕಟ್ಟು, ಕಬ್ಬಿಣದ ಕೊಳವೆ, ಯಾವುದನ್ನೂ ಬಿಡಲಿಲ್ಲ. ಒಂದು ಚಳಿಗಾಲ ಯಾರೋ ನೀರಿನ ಕೊಳವೆ ಕತ್ತರಿಸಿ, ಮೆಟ್ಟಿಲೆಲ್ಲ ಹಿಮಗಟ್ಟಿ, ಫಾಯಿನಾ ಜಾರಿ ಬಿದ್ದು ಕೈ ಮುರಿದುಕೊಂಡಳು. ಜನ ಇರುವ ಮನೆಗೆ ಅವರು ನುಗ್ಗುವುದಿಲ್ಲ, ಇಲ್ಲದ ಮನೆಗೆ ತಾನು ಕಾವಲು ಕೂರಲಾಗದು ಎಂದು ಪೊಲೀಸಿನವನು ಕೈ ಚೆಲ್ಲಿದ.

ಕೈ ಕೂಡಿದ ಮೇಲೆ ಅವಳು ಕ್ಯಾಂಟೀನಿನ ಹಳೆಯ ಮೇಜುವಸ್ತ್ರಗಳನ್ನು ಹೊಲಿದು ಅಳಿದುಳಿದ ಕಿಟಕಿಗಳಿಗೆಲ್ಲ ಪರದೆ ಹಾಕಿದಳು. ತನ್ನ ಮನೆಯಿಂದಲೇ ತಂತಿ ಎಳೆದು ದಿನಾ ಸಂಜೆ ಅಲ್ಲೊಂದು ಇಲ್ಲೊಂದು ದೀಪ ಹಚ್ಚಿದಳು. ಕಳ್ಳರ ಕಾಟ ನಿಂತಿತು. ಬ್ರೆಡ್ ತರಲು ಹೋದವಳು ಬರುವಾಗ ರಸ್ತೆಯಲ್ಲಿ ನಿಂತು ಕಿಟಕಿಗಳನ್ನು ನೋಡುವಳು. ಎಲ್ಲರೂ ಮನೆಯಲ್ಲೇ ಇದ್ದಾರೆ ಅನ್ನಿಸುತ್ತಿತ್ತು.

ಒಂದು ವಸಂತದ ಸಂಜೆ ಮೇಲಿನ ಬಾಗಿಲುಗಳನ್ನು ಯಾರೋ ಒಂದಾದ ಮೇಲೊಂದು ತಟ್ಟುವುದು ಕೇಳಿಸಿತು. "ಪೊಲೀನಾ! ಏ ಪೊಲೀನಾ!" ಪೊಲೀನಾ ಊರು ಬಿಟ್ಟು ವರ್ಷಗಳಾಗಿದ್ದವು. ಫಾಯಿನಾ ಹತ್ತಿ ಹೋದಳು. ಹಿಂದೆ ಅವಳ ತಲೆಯ ಮೇಲಿನ ಮನೆಯಲ್ಲಿದ್ದ ಜೋಯಾ! ಅಮ್ಮನ ಸಮಾಧಿ ನೋಡಲು ರಷ್ಯಾದ ಕಾಲಿನಿನ್‌ಗ್ರಾಡಿನಿಂದ ಬಂದಿದ್ದಳು. ಮುಖ ಅರಳಿತ್ತು.

"ಎಲ್ರೂ ಇಲ್ಲೇ ಇದೀರಲ್ಲಕ್ಕಾ! ನಾನೊಬ್ಳೇ ಹುಚ್ಚಿ ಥರ ಊರು ಬಿಟ್ಟೆ. ಬಾಗ್ಲು ಯಾಕೆ ತೆಗೀತಿಲ್ಲ ಇವ್ರು?"

"ಯಾರೂ ಇಲ್ಲ ಕಣೇ. ಪರದೆ ನಾನೇ ಹಾಕಿದ್ದು."

ಜೋಯಾ ಮೆಟ್ಟಿಲ ಮೇಲೆ ಕೂತಳು. "ನಮ್ಮನೇಗೂನಾ?" ಎಂದಳು.

"ನಿಮ್ಮನೇಗೂ."

ಎರಡು ದಿನ ಅವಳು ತನ್ನ ಹಳೆಯ ಮನೆಯಲ್ಲೇ ನೆಲಕ್ಕೆ ಹಾಸಿಗೆ ಹಾಕಿಕೊಂಡು ಮಲಗಿದಳು. ಬೆಳಿಗ್ಗೆ ತಲೆಯ ಮೇಲೆ ಅವಳ ಓಡಾಟ ಕೇಳಿಸುವಾಗ ಫಾಯಿನಾ ಟೀಗೆ ನೀರಿಟ್ಟು, ಸದ್ದು ಮಾಡದೆ ನಿಂತಿರುತ್ತಿದ್ದಳು. ತನ್ನ ಜೊತೆ ಬಂದುಬಿಡು ಎಂದು ಜೋಯಾ ಪರಿಪರಿಯಾಗಿ ಕರೆದಳು. ಮಿತ್ಯಾನನ್ನು ಬಿಟ್ಟು ಬರಲಾರೆ ಎಂದಳು ಫಾಯಿನಾ. ಬಸ್ಸು ಹತ್ತುವಾಗ ಇಬ್ಬರೂ ಅಳಲಿಲ್ಲ.

ಅಂದು ಸಂಜೆ ಫಾಯಿನಾ ಎಲ್ಲ ಕಡೆ ದೀಪ ಹಚ್ಚಿದಳು. ಜೋಯಾಳ ಬಾಗಿಲಲ್ಲಿ ಮಾತ್ರ ಒಳಗೆ ಹೋಗಲು ಮನಸ್ಸು ಬರಲಿಲ್ಲ. ಒಳಗೆ ನಿಜವಾಗಿಯೂ ಒಬ್ಬಳು ಇದ್ದು ಹೋಗಿದ್ದಳು. ಮರುದಿನವೂ ಆ ಕಿಟಕಿ ಕತ್ತಲಾಗಿಯೇ ಉಳಿಯಿತು, ಅದರ ಮರುದಿನವೂ. ಬೇಸಿಗೆ ಬರುವಷ್ಟರಲ್ಲಿ ಅದು ಕಳ್ಳರ ಕಣ್ಣಿಗೆ ಬಿತ್ತು. ಹಾಡಹಗಲೇ ತಲೆಯ ಮೇಲೆ ಸುತ್ತಿಗೆಯ ಏಟು ಕೇಳುತ್ತ ಅವಳು ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು.

ನಗರಸಭೆಯವರು ಎರಡು ವರ್ಷದಿಂದ ಕೊಡುತ್ತೇವೆ ಎನ್ನುತ್ತಿದ್ದ ಕೋಣೆಗೆ ಆ ಶರತ್ಕಾಲ ಒಪ್ಪಿಕೊಂಡಳು. ಅದು ಕಾಲುವೆಯ ಈಚೆ, ಊರಿನ ಕಡೆ, ಟ್ರಾಮ್ ಹಾದಿಯಲ್ಲಿದೆ. ಅಕ್ಕಪಕ್ಕದವರು ಲಾಟ್ವಿಯನ್ನರು; ಮೆಟ್ಟಿಲಲ್ಲಿ ಎದುರಾದರೆ ತಲೆಬಾಗಿ ದಾರಿ ಬಿಡುತ್ತಾರೆ. ಅವರ ಹೆಸರು ಅವಳಿಗೆ ಗೊತ್ತಿಲ್ಲ. ಮಿತ್ಯಾ ಈಗ ದೂರವಾದ. ಭಾನುವಾರ ಹೋಗಿ ಸಮಾಧಿಯ ಮೇಲಿನ ಎಲೆ ಗುಡಿಸಿ ಬರುತ್ತಾಳೆ.