ಗೌರಕ್ಕನ ಬ್ಯಾಗಲ್ಲಿ ಬಂದ ಇಮ್ಯುನಿಟಿ ಡಬ್ಬಿ

ನಾನು ಒಂದು ಇಮ್ಯುನಿಟಿ ಡಬ್ಬಿ. ಹೊಟ್ಟೆ ತುಂಬಾ ಹಸಿರು ಕ್ಯಾಪ್ಸೂಲು, ಅದರೊಳಗೆ ಅಮೃತಬಳ್ಳಿ, ಅಶ್ವಗಂಧದ ಪುಡಿ. ಇನ್ನೂ ಏನೇನೋ ಇದೆ, ಸತ್ಯವಾಗ್ಲೂ ನಂಗೇ ಗೊತ್ತಿಲ್ಲ. ಹುಟ್ಟಿದ್ದು ಒಂದು ತಗಡಿನ ಶೆಡ್ಡಲ್ಲಿ. ಮುಚ್ಚಳ ಬಿಗಿದ ತಕ್ಷಣ ಮೈಗೆ ಚೀಟಿ ಅಂಟಿಸಿದ್ರು: "ಎಲ್ಲರಿಗೂ ಒಳ್ಳೆಯದು, ಅಡ್ಡಪರಿಣಾಮ ಇಲ್ಲವೇ ಇಲ್ಲ." ಎಲ್ಲರಿಗೂನಾ? ಎಲ್ಲರನ್ನೂ ಯಾವಾಗ ಕೇಳಿದ್ರು? ಅವತ್ತಿಂದಾನೇ ನಂಗೆ ನನ್ನ ಮೇಲೇ ಡೌಟು.

ದಾವಣಗೆರೆಯ ಅಂಗಡಿಯಲ್ಲಿ ನನ್ನ ಕೊಂಡ್ಕೊಂಡವಳು ಗೌರಕ್ಕ. ನನ್ನಂಥದೇ ಇನ್ನೊಂದು ಡಬ್ಬಿ ಖಾಲಿ ಮಾಡಿದ್ಮೇಲೆ ಅವಳ ನೆಗಡಿ ಹೋಗಿತ್ತಂತೆ, ಊಟನೂ ಸೇರ್ತಿತ್ತಂತೆ. ಇರಬಹುದು. ನೆಗಡಿ ವಾರ ಕಳೆದ್ರೆ ತಾನೇ ಹೋಗಲ್ವಾ ಅಂತ ನಾನು ಒಳಗೊಳಗೇ ಅಂದ್ಕೊಂಡೆ.

ಈ ಸಲ ಮಾತ್ರ ತಗೊಂಡಿದ್ದು ತಂಗಿ ಕೊಟ್ರಮ್ಮಂಗೆ. ಕೊಟ್ರಮ್ಮಂಗೆ ಕಿಡ್ನಿ ಕೆಟ್ಟು ಬೇರೆ ಕಿಡ್ನಿ ಹಾಕಿದ್ರು. ಕೊಟ್ಟವಳು ಇದೇ ಗೌರಕ್ಕ. ಹುಷಾರಿಲ್ಲದವರನ್ನ ನೋಡೋಕೆ ಬರಿಗೈಲಿ ಹೋಗ್ತಾರಾ? ಬೇರೆಯವರು ಬ್ರೆಡ್ಡು, ಮೂಸಂಬಿ ತಂದಿದ್ರು. ಇವಳು ನನ್ನ ತಂದ್ಲು.

ಕೊಟ್ರಮ್ಮ ಚೀಟಿ ಓದ್ತಾ ಹೋದ್ಲು. "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಅನ್ನೋ ಕಡೆ ಬೆರಳು ನಿಂತೋಯ್ತು. ಗೌರಕ್ಕ ಆಗ್ಲೇ ಬಿಸಿನೀರು ತಂದು ಎದುರಿಗೇ ಕೂತಿದ್ಲು. "ನನ್ನ ಕಿಡ್ನಿ ನಿನ್ನ ಹತ್ರ ಸೊರಗಬಾರ್ದು ಕಣೇ, ನುಂಗು" ಅಂತ ಒಂದೇ ವರಾತ. ಕೊಟ್ರಮ್ಮ ನನ್ನ ಮುಚ್ಚಳದ ಮೇಲೆ ಕೈ ಇಟ್ಲು. ತೆಗೀಬೇಡ ಅಂತ ಕೂಗಬೇಕು ಅನಿಸ್ತು. ಡಬ್ಬಿಗೆಲ್ಲಿ ಬಾಯಿ.

"ಅಕ್ಕ, ಬೈಬೇಡ," ಅಂದ್ಲು ಕೊನೆಗೆ. "ಈ ರೋಗನಿರೋಧಕ ಶಕ್ತಿ ನನ್ನ ಮೈಯೊಳಗಿನ ಕಾವಲು ನಾಯಿ ಅನ್ಕೋ. ಅದಕ್ಕೆ ನಿನ್ನ ಕಿಡ್ನಿ ಪರಿಚಯ ಇಲ್ಲ, ಕಂಡ್ರೆ ಕಚ್ಚತ್ತೆ. ಅದಕ್ಕೇ ಡಾಕ್ಟ್ರು ದಿನಾ ಮಾತ್ರೆ ಕೊಟ್ಟು ಅದನ್ನ ಮಂಪರಲ್ಲಿ ಇಟ್ಟಿದಾರೆ. ಇದು ನುಂಗಿ ಅದು ಎದ್ದುಬಿಟ್ರೆ?"

ಗೌರಕ್ಕನ ಮುಖ ಬಾಡೋಯ್ತು. "ನಾನು ಬ್ಯಾಗಿಂದ ಡಬ್ಬಿ ತೆಗೆದಾಗ್ಲೇ ಹೇಳೋಕೇನಾಗಿತ್ತು ನಿಂಗೆ?"

"ಕಿಡ್ನಿನೇ ಕೊಟ್ಟವಳು ನೀನು. ಒಂದು ಮಾತ್ರೆ ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಗೌರಕ್ಕ ನನ್ನ ಕಿತ್ಕೊಂಡು ಬ್ಯಾಗಿಗೆ ತುರುಕಿದ್ಲು. ಆಮೇಲೆ ತಂಗಿ ಹೊಟ್ಟೆ ಬದಿಗೆ, ಮಲಗಿದ ಕೂಸನ್ನ ಮುಟ್ಟೋ ಥರ, ಮೆಲ್ಲಗೆ ಕೈ ಇಟ್ಲು. ಬಿಸಿನೀರು ಅವಳೇ ಕುಡಿದ್ಲು.

ಮುಂದೆ ಡಾಕ್ಟ್ರು ಗೌರಕ್ಕಂಗೂ ಹೇಳಿದ್ರಂತೆ, ಒಂದೇ ಕಿಡ್ನಿ ಇರೋ ನೀವು ಕೇಳದೇ ಇಂಥದ್ದೆಲ್ಲ ನುಂಗಬೇಡಿ, ಕೆಲವರಿಗೆ ಲಿವರ್‌ಗೂ ಏಟು ಬೀಳತ್ತೆ ಅಂತ.

ಈಗ ಅವಳ ಬೀರು ಮೂಲೇಲಿ ಇದೀನಿ. ಸೀಲ್ ಒಡೆದಿಲ್ಲ, ತಾರೀಖು ಮುಗಿದಿದೆ. ಯಾರಿಗಾದ್ರೂ ಉಪಯೋಗಕ್ಕೆ ಬರ್ತಿದ್ನೋ ಏನೋ, ತಿಳೀಲೇ ಇಲ್ಲ. ಕೊಟ್ರಮ್ಮಂಗೆ ಮಾತ್ರ ಒಂದು ದೊಡ್ಡ ಉಪಕಾರ ಮಾಡಿದೀನಿ. ಅವಳ ಹೊಟ್ಟೆಗೆ ಹೋಗ್ಲಿಲ್ಲ.