ಒಂದೇ ನಕ್ಷತ್ರದ ಅಕ್ಕ

ಯಾರೊಂದಿಗೆ ಮಾತಾಡುವಾಗಲೂ ಎಡಗಣ್ಣನ್ನು ಅರ್ಧ ಮುಚ್ಚಿಕೊಳ್ಳುವುದು ಆಕೆಗೆ ಅಭ್ಯಾಸವಾಗಿಹೋಗಿತ್ತು. ತಮ್ಮ ಮಾತಿನ ಮೇಲೇ ಅನುಮಾನವೇನೋ ಎಂದು ಹೊಸಬರು ತಡವರಿಸುತ್ತಿದ್ದರು. ಇಪ್ಪತ್ತಾರು ವರ್ಷ ಬಲಗಣ್ಣನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿ ಕುಳಿತದ್ದರ ಫಲ ಅದು. ಬೆಳಿಗ್ಗೆ ಒಂಬತ್ತಕ್ಕೆ, ಮೊಣಕೈಗೆ ತೇಪೆ ಹಾಕಿದ ಕಂದು ಕೋಟು ತೊಟ್ಟು, ಗೋಡೆಯನ್ನು ಅಂಗೈಯಿಂದ ಸವರುತ್ತ, ಆಕೆ ವೀಕ್ಷಣಾಲಯದ ಮೆಟ್ಟಿಲೇರಿ ಅಳತೆಯ ಕೋಣೆಗೆ ಬರುತ್ತಿದ್ದಳು. ತಾರೆಗಳ ಬೆಳಕು ಗೆರೆಗೆರೆಯಾಗಿ ಮೂಡಿದ ಗಾಜಿನ ಫಲಕಗಳನ್ನು ಅಳೆಯುವುದು ಅಲ್ಲಿನ ಕಾಯಕ. ಉಳಿದವರ ಮೇಜಿನ ಮೇಲೆ ನೂರಾರು ನಕ್ಷತ್ರಗಳು ಬಂದುಹೋದವು. ಆಕೆ ಮಾತ್ರ ನಮ್ಮ ಸೂರ್ಯನನ್ನೇ ಹೋಲುವ, ಅವನ ಎರಡರಷ್ಟು ವಯಸ್ಸಾದ ಒಂದು ಮುದಿ ನಕ್ಷತ್ರವನ್ನು ಹಿಡಿದು ಕುಳಿತಳು. 'ಒಂದೇ ನಕ್ಷತ್ರದ ಅಕ್ಕ' ಎಂದೇ ಹೆಸರು ಬಿತ್ತು.

"ಇನ್ನೂ ಅದೇನಾ ಅಕ್ಕ? ನಿನ್ನ ಕೈಗೆ ಸಿಕ್ಕಿ ಪಾಪ, ಅದಕ್ಕೂ ಬೇಜಾರಾಗಿರಬೇಕು" ಎಂದು ಮನೆಯಲ್ಲಿ ತಂಗಿ ನಗುತ್ತಿದ್ದಳು.

ಫಲಕದ ಗೆರೆಗಳು ಕೂದಲೆಳೆಯಷ್ಟು ಅತ್ತಿತ್ತ ಸರಿಯುವುದನ್ನು ಅಳೆದು, ಆ ನಕ್ಷತ್ರ ತುಸು ಹತ್ತಿರ ಬರುತ್ತ ತುಸು ದೂರ ಸರಿಯುತ್ತ ತೂಗಾಡುತ್ತಿದೆಯೆಂದೂ, ಕಣ್ಣಿಗೆ ಕಾಣದ ಯಾವುದೋ ಕಾಯ ಸುತ್ತಲೂ ತಿರುಗುತ್ತ ಅದನ್ನು ಎಳೆಯುತ್ತಿದೆಯೆಂದೂ ಮೊದಲು ಗುರುತಿಸಿದವಳು ಆಕೆಯೇ. ಗ್ರಹವೆನ್ನಲು ತೂಕ ಜಾಸ್ತಿ, ನಕ್ಷತ್ರವಾಗಿ ಉರಿಯಲು ತೂಕ ಸಾಲದು, ಅಂಥದೊಂದು ಕಾಯ. ವೀಕ್ಷಣಾಲಯದ ನಿರ್ದೇಶಕರು ಹಿಗ್ಗಿದರು. ಆದರೆ ಹನ್ನೊಂದು ಫಲಕಗಳು ಮಾತ್ರ ಆ ಲೆಕ್ಕಕ್ಕೆ ಹೊಂದಲಿಲ್ಲ.

"ಅವನ್ನ ಕೈಬಿಡಮ್ಮ, ಯಾರು ಕೇಳ್ತಾರೆ?"

"ಮೂರ್ಮೂರು ಸಲ ಅಳೆದಿದ್ದೀನಿ ಸಾರ್. ಹೇಗೆ ಬಿಡ್ಲಿ?"

ಫಲಕಗಳನ್ನು ಬಿಟ್ಟೇ ಲೇಖನ ಅಚ್ಚಾಯಿತು. ಒಪ್ಪದಿದ್ದ ಆಕೆಯ ಹೆಸರೂ ಬಿಟ್ಟುಹೋಯಿತು. ಅಂದು ಊಟ ಮಾಡದೆ ಮಲಗಿದವಳು ಮರುದಿನ ಎಂದಿನ ಹೊತ್ತಿಗೇ ಕೋಣೆಯ ಬೀಗ ತೆಗೆದಳು. ಮತ್ತೆ ಹನ್ನೆರಡು ವರ್ಷ ಅಳೆದ ಮೇಲೆ ಆ ಹನ್ನೊಂದರ ಮೊಂಡಾಟಕ್ಕೆ ಕಾರಣ ತಿಳಿಯಿತು: ಇನ್ನೂ ದೂರದಲ್ಲಿ, ಬಲು ನಿಧಾನವಾಗಿ ಸುತ್ತುವ ಅಂಥದೇ ಎರಡನೆಯ ಕಾಯವೊಂದಿತ್ತು.

ಸುದ್ದಿ ಕೇಳಿ, ಅಷ್ಟರಲ್ಲಿ ನಿವೃತ್ತರಾಗಿದ್ದ ನಿರ್ದೇಶಕರು ಕೋಲೂರಿಕೊಂಡು ಮಹಡಿ ಹತ್ತಿ ಬಂದರು. "ನಾನು ಆತುರಪಟ್ಟೆ ಕಣಮ್ಮ" ಎಂದರು. ಆಕೆ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅವರ ಕೈಯನ್ನು ಸೂಕ್ಷ್ಮದರ್ಶಕದ ತಿರುಪಿನ ಮೇಲಿಟ್ಟು, "ಮೆಲ್ಲಗೆ ತಿರುಗಿಸಿ ಸಾರ್, ಗೆರೆ ಕಾಣುತ್ತೆ" ಎಂದಳು.

ಈಗ ಆ ಅಳತೆಯ ಕೆಲಸವನ್ನು ಯಂತ್ರ ಕ್ಷಣಾರ್ಧದಲ್ಲಿ ಮುಗಿಸುತ್ತದೆ. ಹಿಂದೆ ಪ್ರತಿ ಕಚೇರಿಯಲ್ಲೂ ಆಕೆಯಂಥವರೊಬ್ಬರು ಇರುತ್ತಿದ್ದರು. ಅವರೊಡನೆ ಏಗುವುದು ಕಷ್ಟ, ಅವರಿಗೆ ಬಡ್ತಿ ಕೊಡಿಸುವುದು ಇನ್ನೂ ಕಷ್ಟ. ಕಂಡದ್ದನ್ನು ಕಂಡಿಲ್ಲವೆನ್ನಲು ಬಾರದ ಆ ಜನ ಪಕ್ಕದ ಕೋಣೆಯಲ್ಲಿದ್ದಷ್ಟು ಕಾಲ, ಸುಳ್ಳು ಬರೆಯಲು ಪೆನ್ನೆತ್ತುವ ಮುನ್ನ ನಾವು ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದೆವು.